ಸೂರ್ಯನಿಗೆ ಆಸನ ಖಾಲಿ ಇಲ್ಲ

ಮುಂಬಯಿಯಲ್ಲಿ ಬಿಸಿಲು ಕೂಡ ಚದರಡಿ ಲೆಕ್ಕದಲ್ಲೇ ಸಿಗುವುದು. ಪರೇಲ್, ದಾದರ್ ಕಡೆ ಹೊಸ ಟವರುಗಳು ಎದ್ದ ಮೇಲೆ ಪಕ್ಕದ ಹಳೆ ಚಾಳಿನ ತಾರಸಿಗೆ ಮಧ್ಯಾಹ್ನ ಮೂರಕ್ಕೇ ಸಂಜೆ. ಹಪ್ಪಳ ಒಣಗಿಸುವವರನ್ನು ಕೇಳಿ, ಹೇಳುತ್ತಾರೆ. ಈ ವಿಷಯದಲ್ಲಿ ನಮ್ಮ ವಿಲೆ ಪಾರ್ಲೆ ಪುಣ್ಯ ಮಾಡಿದೆ. ವಿಮಾನ ನಿಲ್ದಾಣ ಮಗ್ಗುಲಲ್ಲೇ ಇರುವುದರಿಂದ ಇಲ್ಲಿ ‘ಫನಲ್ ಝೋನ್’ ಎಂಬ ಕಟ್ಟಳೆ. ವಿಮಾನ ಏರಿಳಿಯುವ ದಾರಿಯ ಕೆಳಗಿನ ಕಟ್ಟಡ ಇಷ್ಟಕ್ಕಿಂತ ಮೇಲೆ ತಲೆ ಎತ್ತುವಂತಿಲ್ಲ. ಬಿಲ್ಡರುಗಳು ಅಳುತ್ತಾರೆ, ಹಳೆ ಸೊಸೈಟಿಯವರು ರೀಡೆವಲಪ್‌ಮೆಂಟ್ ಆಗಲಿಲ್ಲವೆಂದು ಹಣೆ ಬಡಿದುಕೊಳ್ಳುತ್ತಾರೆ. ತಾರಸಿಗಳು ಮಾತ್ರ ಬೆಳಗಿನಿಂದ ಸಂಜೆತನಕ ನಿಶ್ಚಿಂತೆಯಾಗಿ ಬಿಸಿಲು ಕಾಯಿಸುತ್ತ ಬಿದ್ದಿರುತ್ತವೆ.

ಇಂಥ ಊರಿನ ಸರ್ಕಾರಿ ಕಚೇರಿಗೂ ಸೌರವಿದ್ಯುತ್ತಿಗೂ ಜಾತಕ ನೋಡುವ ಅಗತ್ಯವೇ ಇಲ್ಲ. ಮನೆಗಳಿಗೆ ವಿದ್ಯುತ್ ಹೆಚ್ಚು ಬೇಕಾಗುವುದು ರಾತ್ರಿ, ಸೂರ್ಯ ಕೊಡುವುದು ಹಗಲು; ಹಾಗಾಗಿ ಅಲ್ಲಿ ಒಂದು ತಕರಾರು ಇದ್ದದ್ದೇ. ಕಚೇರಿಗೆ ಅದೂ ಇಲ್ಲ. 2020ರ ಫೆಬ್ರವರಿ 29ರಿಂದ ಮಹಾರಾಷ್ಟ್ರ ಸರ್ಕಾರ ವಾರಕ್ಕೆ ಐದೇ ದಿನ ಕೆಲಸ ಎಂದು ಮಾಡಿದಾಗ ಕಚೇರಿಯ ವೇಳೆಯನ್ನು ಬೆಳಿಗ್ಗೆ 9.45ರಿಂದ ಸಂಜೆ 6.15 ಎಂದು ಗೊತ್ತುಮಾಡಿತು. ಸೂರ್ಯನ ಡ್ಯೂಟಿಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನದು. ವ್ಯತ್ಯಾಸವೆಂದರೆ 9.45ಕ್ಕೆ ಅವನು ನಿಜವಾಗಿಯೂ ಬಂದಿರುತ್ತಾನೆ. ಶನಿವಾರ, ಭಾನುವಾರವೂ ಬರುತ್ತಾನೆ; ಆ ಎರಡು ದಿನದ ಉತ್ಪತ್ತಿ ನೆಟ್ ಮೀಟರಿನ ಮೂಲಕ ಗ್ರಿಡ್ಡಿಗೆ ಹೋಗಿ ಬಿಲ್ಲಿನಲ್ಲಿ ವಜಾ ಆಗುತ್ತದೆ. ಓವರ್‌ಟೈಮ್ ಕೇಳುವ ರೂಢಿ ಅವನಿಗಿಲ್ಲ, ಯೂನಿಯನ್ನೂ ಇಲ್ಲ.

ದೇವರು ವರ ಕೊಟ್ಟಾಯಿತು. ಇನ್ನು ಪೂಜಾರಿಯ ವಿಚಾರ.

ನಾನು ಕಂಡ ಒಂದು ಕಚೇರಿ ಇದೆ. ಹೆಸರು ಬೇಡ, ಹೇಳಿದರೆ ಉಳಿದ ಕಚೇರಿಗಳಿಗೆ ಅನ್ಯಾಯವಾಗುತ್ತದೆ. ಅದರ ತಾರಸಿ ಏನಿಲ್ಲೆಂದರೂ ಎರಡು ಸಾವಿರ ಚದರಡಿ. ಒಂದು ಕಿಲೋವಾಟ್ ಸೋಲಾರ್‌ಗೆ ಸುಮಾರು 100 ಚದರಡಿ ಬೇಕು. ಅದು ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಅಂದರೆ ಈ ತಾರಸಿ ದಿನಕ್ಕೆ ಎಂಬತ್ತು ಯೂನಿಟ್ ಹೆರುವಷ್ಟು ಫಲವತ್ತಾದ ಭೂಮಿ. ಸದ್ಯಕ್ಕೆ ಅಲ್ಲಿರುವ ಬೆಳೆ ಕುರ್ಚಿ. ಮೂರು ಕಾಲಿನ ಕುರ್ಚಿ, ಕೈ ಕಳೆದುಕೊಂಡ ಕುರ್ಚಿ, ಬೆತ್ತ ಹರಿದ ಕುರ್ಚಿ, ಗೋದ್ರೆಜ್ ಕಪಾಟಿನ ಬಾಗಿಲು, ಟೈಪ್‌ರೈಟರಿನ ಅಸ್ಥಿಪಂಜರ, ಯಾವುದೋ ಚುನಾವಣೆಯ ಮತಗಟ್ಟೆಯ ಮರದ ಮರೆ. ಹಲವು ಮಳೆಗಾಲ ಕಂಡ ಸಾಮಗ್ರಿ. ಪಾರ್ಲೆಯ ಮೇಲೆ ಹಾರುವ ವಿಮಾನದಲ್ಲಿ ಕಿಟಕಿ ಪಕ್ಕ ಕೂತವರಷ್ಟೇ ಈ ತಾರಸಿಯ ವಾರ್ಷಿಕ ತಪಾಸಣೆ ಮಾಡುವವರು.

ಅಲ್ಲಿನ ಹೆಡ್ ಕ್ಲರ್ಕ್ ಅಕ್ಕಲಕೋಟೆ ಕಡೆಯವರು. ಮರಾಠಿಯಲ್ಲಿ ಟಿಪ್ಪಣಿ ಬರೆದು ಕನ್ನಡದಲ್ಲಿ ನಿಟ್ಟುಸಿರು ಬಿಡುವವರು. ಸೋಲಾರ್ ಯಾಕೆ ಬರಲಿಲ್ಲ ಎಂದು ಕೇಳಿದೆ.

“ಸೋಲಾರ್ ಬಂದಿತ್ತರೀ, ಅಳತಿ ಮಾಡಾಕ. ಜಾಗಾ ಇಲ್ಲಂತ ಬರಕೊಂಡು ಹ್ವಾದ್ರು.”

“ಕುರ್ಚಿ ತೆಗೆಸಿದರೆ ಜಾಗ ಆಗುತ್ತದಲ್ಲ?”

“ಕುರ್ಚಿ ತಗೀಬೇಕಂದ್ರ ಮದಲ ಕುರ್ಚಿ ಸತ್ತೈತಿ ಅಂತ ನಿರ್ಣಯ ಆಗಬೇಕ್ರಿ.”

“ಸತ್ತದ್ದು ಕಾಣುತ್ತಲೇ ಇದೆಯಲ್ಲ.”

“ನಮಗ ಕಂಡ್ರ ಏನ ಕಿಮ್ಮತ್ತು? ಕಮಿಟಿಗೆ ಕಾಣಬೇಕು.”

ಆ ಕಮಿಟಿಯ ಹೆಸರು ನಿರ್ಲೇಖನ ಸಮಿತಿ. ಸದಸ್ಯರು ಮೂವರು. ಒಬ್ಬರಿಗೆ ಗಡಚಿರೋಲಿಗೆ ವರ್ಗವಾಯಿತು, ಇನ್ನೊಬ್ಬರು ನಿವೃತ್ತರಾದರು. ಮೂರನೆಯವರು ಒಮ್ಮೆ ತಾರಸಿ ಹತ್ತಿ ಬಂದು, ದಾಸ್ತಾನು ವಹಿಯಲ್ಲಿ ‘ಕುರ್ಚಿ, ನಾಲ್ಕು ಕಾಲಿನದು’ ಎಂದಿರುವಾಗ ಮೇಲೆ ಮೂರೇ ಕಾಲು ಇರುವುದು ಹೇಗೆ, ನಾಲ್ಕನೆಯ ಕಾಲಿಗೆ ಹೊಣೆ ಯಾರು ಎಂದು ಷರಾ ಬರೆದರು. ಕಡತ ಈಗ ಆ ನಾಲ್ಕನೆಯ ಕಾಲನ್ನು ಹುಡುಕುತ್ತಿದೆ. ಸಿಕ್ಕಿದ ದಿನ ಕುರ್ಚಿ ಸತ್ತಿದೆಯೆಂದು ಘೋಷಣೆ; ಆಮೇಲೆ ಹರಾಜು, ಹರಾಜಿಗೆ ಮೊದಲು ಜಾಹೀರಾತು, ಜಾಹೀರಾತಿಗೆ ಮೊದಲು ಮಂಜೂರಾತಿ. ಭಂಗಾರದವನು, ಅಂದರೆ ಗುಜರಿಯವನು, ಕೊಡುವುದು ಕಿಲೋಗೆ ಇಷ್ಟೆಂದು. ಆ ಹಣ ಜಾಹೀರಾತಿನ ಬಿಲ್ಲಿಗೂ ಸಾಲದು. ಮರಾಠಿಯ ನಗೆಬರಹಗಾರ ಪು.ಲ. ದೇಶಪಾಂಡೆ ಬೆಳೆದದ್ದು ಇದೇ ಪಾರ್ಲೆಯಲ್ಲಿ (ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠವನ್ನೂ ಹೇಳಿದವರು). ಅವರು ಈ ತಾರಸಿಯನ್ನು ಒಮ್ಮೆ ಹತ್ತಿದ್ದರೆ ಮರಾಠಿಗೆ ಇನ್ನೊಂದು ಪುಸ್ತಕ ಸಿಗುತ್ತಿತ್ತು, ಕುರ್ಚಿಗಳಿಗೆ ಸದ್ಗತಿ ಸಿಗುತ್ತಿತ್ತು.

ಹಾಗಂತ ಸೋಲಾರ್ ಕೂತ ಕಚೇರಿಗಳೇ ಇಲ್ಲವೆಂದಲ್ಲ. ಇವೆ. ಅಲ್ಲಿ ಬೇರೆ ಕಥೆ. ಸಾಹೇಬರು ಬಂದು ರಿಬ್ಬನ್ ಕತ್ತರಿಸಿದ ದಿನ ಪ್ಯಾನಲ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆಮೇಲೆ ಪಾರಿವಾಳಗಳು ಬಂದವು. ಮುಂಬಯಿಯ ಪಾರಿವಾಳಕ್ಕೂ ಧೂಳಿಗೂ ಸರ್ಕಾರಿ ಆಸ್ತಿಯ ಮೇಲೆ ವಿಶೇಷ ಪ್ರೀತಿ. ಎರಡು ವಾರಕ್ಕೊಮ್ಮೆ ನೀರು ಹಾಕಿ ಒರೆಸಿದರೆ ಸಾಕು, ದೊಡ್ಡ ವಿಜ್ಞಾನವೇನಲ್ಲ. ಆದರೆ ಒರೆಸುವವರು ಯಾರು? ಸಫಾಯಿಯವನ ಕೆಲಸ ಮೂರನೇ ಮಹಡಿಯ ಮೆಟ್ಟಿಲಿಗೆ ಮುಗಿಯುತ್ತದೆ. ನೀರಿನ ಟ್ಯಾಂಕ್ ನೋಡುವವನಿಗೆ ಟ್ಯಾಂಕಷ್ಟೇ. ತಾರಸಿಯ ಬೀಗದ ಕೈ ಒಬ್ಬರ ಹತ್ತಿರ, ಇನ್ವರ್ಟರ್ ಕೋಣೆಯದು ಇನ್ನೊಬ್ಬರ ಹತ್ತಿರ. ಗುತ್ತಿಗೆದಾರನ ನಿರ್ವಹಣೆಯ ಕರಾರು ಮುಗಿದಿದೆ. ಹೊಸ ಕರಾರಿಗೆ ಟೆಂಡರ್ ಕರೆಯಬೇಕು. ಒಂದು ದಿನ ಇನ್ವರ್ಟರ್ ಟ್ರಿಪ್ ಆಗಿ ಕೆಂಪು ದೀಪ ಉರಿಯತೊಡಗಿತು. ದೀಪ ಉರಿಯುತ್ತಿದೆಯಲ್ಲ, ಅಂದರೆ ನಡೆಯುತ್ತಿದೆ ಎಂದು ಎಲ್ಲರೂ ನಂಬಿದರು. ಇಡೀ ಕಟ್ಟಡದಲ್ಲಿ ದಿನವೂ ಒರೆಸುವ ಫಲಕ ಒಂದೇ: ಗಣ್ಯರ ಹೆಸರು ಕೆತ್ತಿದ ಉದ್ಘಾಟನಾ ಫಲಕ.

ನಾನು ಸರ್ಕಾರವನ್ನು ಹೀಗೆ ಆಡಿಕೊಳ್ಳುತ್ತಿರುವುದು ನೋಡಿ ಯಾರಾದರೂ, ಇವನಿಗೆ ಗುರಿಗಳ ಬಗ್ಗೆ ಗೊತ್ತೇ ಇಲ್ಲ ಎಂದಾರು. ಗೊತ್ತಿದೆ ಸ್ವಾಮಿ. ಗುರಿ ಇಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. 2022ರೊಳಗೆ ದೇಶದ ತಾರಸಿಗಳ ಮೇಲೆ 40,000 ಮೆಗಾವಾಟ್ ಎಂದು ಗುರಿ ಇತ್ತು. 2022 ಬಂತು, ಹೋಯಿತು; ತಾರಸಿ ಹತ್ತಿದ್ದು ಅದರ ಕಾಲು ಭಾಗವೂ ಅಲ್ಲ. ಕೂಡಲೇ ಪರಿಹಾರ ಕಂಡುಕೊಂಡೆವು: ಗಡುವನ್ನು 2026ಕ್ಕೆ ತಳ್ಳಿದೆವು. 2024ರ ಫೆಬ್ರವರಿಯಲ್ಲಿ 75,021 ಕೋಟಿ ರೂಪಾಯಿಯ ಪಿಎಂ ಸೂರ್ಯ ಘರ್ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ, ಕೋಟಿ ಮನೆಗಳ ಜೊತೆಗೆ ಕೇಂದ್ರ ಸರ್ಕಾರದ ಎಲ್ಲ ಕಟ್ಟಡಗಳಿಗೂ 2025ರೊಳಗೆ ಸೋಲಾರ್ ಎಂದಿತು. ಇತ್ತ ಮುಂಬಯಿ ಮಹಾನಗರಪಾಲಿಕೆ 2022ರ ಮಾರ್ಚ್‌ನಲ್ಲಿ ಹವಾಮಾನ ಕ್ರಿಯಾಯೋಜನೆ ಹೊರತಂದು, 2050ಕ್ಕೆ ಇಂಗಾಲ ನಿವ್ವಳ ಸೊನ್ನೆ ಎಂದು ಸಾರಿತು. ದೇಶ ಇಟ್ಟುಕೊಂಡ 2070ಕ್ಕಿಂತ ಇಪ್ಪತ್ತು ವರ್ಷ ಮುಂಚೆ. ಆ ಯೋಜನೆಯ ಲೆಕ್ಕದ ಪ್ರಕಾರ ನಗರದ ಇಂಗಾಲ ಹೊಗೆಯಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ವಿದ್ಯುತ್ತು, ಇಂಧನದ್ದು. ಯೋಜನೆ ಒಳ್ಳೆಯದೇ, ಕೂತು ಮಾಡಿದ ಕೆಲಸ. 2050ರ ಹೊತ್ತಿಗೆ ಅದಕ್ಕೆ ಸಹಿ ಹಾಕಿದವರಲ್ಲಿ ಬಹಳ ಮಂದಿ ಪಿಂಚಣಿಯಲ್ಲಿರುತ್ತಾರೆ, ಕುರ್ಚಿಯ ನಾಲ್ಕನೆಯ ಕಾಲೂ ಅಷ್ಟರಲ್ಲಿ ಸಿಕ್ಕಿರುತ್ತದೆ.

ಉತ್ಪತ್ತಿಯ ಮಾತು ಹಾಗಿರಲಿ, ಉಳಿತಾಯಕ್ಕೆ ಬನ್ನಿ. ಅಲ್ಲಿ ಸೂರ್ಯನೂ ಬೇಡ, ಬೆರಳು ಸಾಕು.

ಇಂಧನ ದಕ್ಷತಾ ಬ್ಯೂರೋ ಎಂಬುದೊಂದಿದೆ. 2001ರ ಕಾಯ್ದೆಯ ಕೂಸು, 2002ರಲ್ಲಿ ಹುಟ್ಟಿದ್ದು. ಎಸಿಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಆರು ಶೇಕಡಾ ವಿದ್ಯುತ್ ಉಳಿಯುತ್ತದೆ, 24ರಲ್ಲಿ ಇಡಿ ಎಂದು ಅದು 2018ರಿಂದ ಹೇಳುತ್ತಲೇ ಇದೆ. 2020ರ ಜನವರಿಯಿಂದ ಸ್ಟಾರ್ ಪಟ್ಟಿ ಹಚ್ಚಿದ ಎಸಿಗಳು ಗುಂಡಿ ಒತ್ತಿದಾಗ ತಾವಾಗಿಯೇ 24ಕ್ಕೆ ಶುರುವಾಗಬೇಕು. ಶುರುವಾಗುತ್ತವೆ. ಆದರೆ ರಿಮೋಟ್ ಸಾಹೇಬರ ಡ್ರಾಯರಿನಲ್ಲಿರುತ್ತದೆ, ಮತ್ತು ಹುದ್ದೆಯ ಎತ್ತರಕ್ಕೂ ಎಸಿಯ ಅಂಕಿಗೂ ವಿಲೋಮ ಸಂಬಂಧ. ಸೆಕ್ಷನ್ ಆಫೀಸರು 22, ಉಪ ನಿರ್ದೇಶಕರು 20. ಹದಿನೆಂಟಕ್ಕೆ ಇಳಿಯಿತೆಂದರೆ ಒಳಗೆ ಯಾರೋ ಮುಖ್ಯರಿದ್ದಾರೆಂದು ಶಿಪಾಯಿ ನಡೆಯುವ ಧಾಟಿಯಲ್ಲೇ ತಿಳಿಯುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ ಬೆವರು ಒರೆಸಿಕೊಂಡು ಒಳಗೆ ಹೋದ ಅರ್ಜಿದಾರ ಸೀನುತ್ತ ಹೊರಗೆ ಬರುತ್ತಾನೆ. ಸಾಹೇಬರ ಕುರ್ಚಿಯ ಬೆನ್ನಿಗೆ ಒಂದು ಟರ್ಕಿ ಟವೆಲು, ಅದರ ಮೇಲೊಂದು ಅರೆತೋಳಿನ ಸ್ವೆಟರು. ಮೊದಲು ಸರ್ಕಾರದ ದುಡ್ಡಿನಲ್ಲಿ ಚಳಿ ಹುಟ್ಟಿಸಿ, ಆಮೇಲೆ ಹೆಂಡತಿ ಹೆಣೆದ ಸ್ವೆಟರಿನಲ್ಲಿ ಅದನ್ನು ಎದುರಿಸುವ ಈ ಪರಿಗೆ ಯಾವ ಸ್ಟಾರ್ ಕೊಡಬೇಕೋ ಬ್ಯೂರೋದವರೇ ಹೇಳಬೇಕು.

ಇನ್ನು ಬೆಳಕು. ವಿಟಿ ಸ್ಟೇಷನ್ನಿನ ಎದುರಿನ ಪಾಲಿಕೆಯ ಮುಖ್ಯ ಕಚೇರಿ 1893ರದ್ದು. ಲೋನಾವಳದ ಮಳೆನೀರು ಖೋಪೋಲಿಗೆ ಧುಮುಕಿ, ಅಲ್ಲಿ ಟಾಟಾದವರು ಮಾಡಿದ ಜಲವಿದ್ಯುತ್ ಮುಂಬಯಿಗೆ ಬಂದದ್ದು 1915ರಲ್ಲಿ. ಅಂದರೆ ಆ ಕಾಲದ ಕಟ್ಟಡ ಕಟ್ಟಿದವರಿಗೆ ಹಗಲಿನ ಬೆಳಕು, ಕಡಲ ಗಾಳಿ ಇವೆರಡನ್ನೇ ನಂಬಿ ಗೋಡೆ ಎಬ್ಬಿಸುವ ಅನಿವಾರ್ಯ ಇತ್ತು. ಎತ್ತರದ ಮಾಳಿಗೆ, ದೊಡ್ಡ ಕಿಟಕಿ, ಸುತ್ತ ವರಾಂಡ. ಸ್ವಾತಂತ್ರ್ಯ ಬಂದ ಮೇಲೂ ಕೆಲಕಾಲ ಕಚೇರಿಗಳಿಗೆ ಈ ಬುದ್ಧಿ ಉಳಿದಿತ್ತು. ಕೆಡಿಸಿದ್ದು ಪ್ಲೈವುಡ್ಡು. ಒಬ್ಬರಿಗೆ ಬಡ್ತಿ ಸಿಕ್ಕಿತೆಂದರೆ ಒಂದು ಕ್ಯಾಬಿನ್. ಕ್ಯಾಬಿನ್ ಎಂದರೆ ಕಿಟಕಿ ಅವರ ಪಾಲಿಗೆ, ಕತ್ತಲೆ ಉಳಿದವರ ಪಾಲಿಗೆ. ಹೀಗೆ ಐದಾರು ಬಡ್ತಿ ಆಗುವಷ್ಟರಲ್ಲಿ ಹಾಲಿನ ನಡುವೆ ಕೂತ ಗುಮಾಸ್ತರಿಗೆ ಹಗಲು ರಾತ್ರಿ ಒಂದೇ. ಅವರ ತಲೆ ಮೇಲೆ ನಡುಹಗಲು ಹನ್ನೆರಡಕ್ಕೆ ಟ್ಯೂಬ್‌ಲೈಟು. ಇತ್ತ ಕಿಟಕಿ ಗೆದ್ದುಕೊಂಡ ಸಾಹೇಬರು ಕಂಪ್ಯೂಟರಿನ ಪರದೆಗೆ ಬಿಸಿಲು ಹೊಡೆಯುತ್ತದೆಂದು ಕರ್ಟನ್ ಎಳೆದು ಅವರೂ ಟ್ಯೂಬ್‌ಲೈಟು ಹಾಕಿಸಿಕೊಂಡಿರುತ್ತಾರೆ. ಪಾರ್ಲೆಯಲ್ಲಿ 1929ರಲ್ಲಿ ಶುರುವಾದ ಕಾರ್ಖಾನೆಯ ಬಿಸ್ಕತ್ತಿನ ಒಲೆ 2016ರಲ್ಲಿ ಆರಿತು. ಈ ಟ್ಯೂಬ್‌ಲೈಟು ಇನ್ನೂ ಆರಿಲ್ಲ.

ಬೆಂಗಳೂರಿನವರು ನಗುವುದು ಬೇಡ. ಕೆಲಸದ ದಿನಗಳಲ್ಲಿ ಕಡತಗಳು ಕತ್ತಲಲ್ಲಿ ಕೊಳೆಯುವ ವಿಧಾನಸೌಧಕ್ಕೆ ಝಗಝಗ ದೀಪಾಲಂಕಾರ ಮಾಡುವ ಸಂಪ್ರದಾಯ ಇರುವುದು ಭಾನುವಾರ ಮತ್ತು ರಜಾದಿನಗಳಲ್ಲಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ. ಏಷ್ಯಾದ ಮೊದಲ ದೊಡ್ಡ ಜಲವಿದ್ಯುತ್ ಸಾಹಸಗಳಲ್ಲಿ ಒಂದನ್ನು 1902ರಲ್ಲೇ ಶಿವನಸಮುದ್ರದಲ್ಲಿ ನಡೆಸಿ ಕೋಲಾರದ ಗಣಿಗೆ ತಂತಿ ಎಳೆದ ರಾಜ್ಯ ಅವರದು. ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಕಟ್ಟಿದ ರಾಜ್ಯವೂ ಹೌದು. ಬರಪೀಡಿತ ರೈತನ ಹೊಲದ ಮೇಲೆ ಪ್ಯಾನಲ್ ಹಾಸುವುದು ಸುಲಭ. ಅಲ್ಲಿ ಕುರ್ಚಿಗಳಿರುವುದಿಲ್ಲ.

ಡಿಸೆಂಬರ್ 14 ಬಂತೆಂದರೆ ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಅಂದು ಕಚೇರಿಯ ಸಭಾಂಗಣದಲ್ಲಿ ಪ್ರತಿಜ್ಞೆ. ಪ್ರೊಜೆಕ್ಟರ್ ಕಾಣಲೆಂದು ಕಿಟಕಿ ಮುಚ್ಚಿರುತ್ತಾರೆ, ಮುಚ್ಚಿದ್ದಕ್ಕೆ ಸೆಖೆಯೆಂದು ಎಸಿ ಹಾಕಿರುತ್ತಾರೆ, ಎಸಿಯ ಗಾಳಿ ಹಿಂದಿನ ಸಾಲಿಗೆ ತಲುಪಲೆಂದು ಫ್ಯಾನ್, ಫೋಟೋ ಚೆನ್ನಾಗಿ ಬರಲೆಂದು ಎಲ್ಲ ದೀಪ. “ಅನಗತ್ಯ ದೀಪಗಳನ್ನು ಆರಿಸುತ್ತೇನೆ” ಎಂದು ಎಲ್ಲರೂ ಕೈ ಮುಂದೆ ಚಾಚಿ ಹೇಳಿ, ಸಮೋಸಕ್ಕೆ ಕೆಳಗೆ ಇಳಿಯುತ್ತಾರೆ. ಆರಿಸುವ ಮಾತು ಬರುವುದು ಸಂಜೆ ವಾಚ್‌ಮನ್ ಬಂದ ಮೇಲೆ.

ಇವರೆಲ್ಲ ಕೆಟ್ಟವರೇ? ಅಲ್ಲ. ಇದೇ ಹೆಡ್ ಕ್ಲರ್ಕ್ ತಮ್ಮ ಡೊಂಬಿವಲಿಯ ಮನೆಯಲ್ಲಿ ಬಚ್ಚಲಿನ ದೀಪ ಉರಿಯುತ್ತಿದ್ದರೆ ಮಗನನ್ನು ಎಬ್ಬಿಸಿ ಬೈಯುತ್ತಾರೆ. ಪಾರ್ಲೆ ಸ್ಟೇಷನ್ನಿನ ಹೊರಗೆ ಒಂದು ಉಡುಪಿ ಹೋಟೆಲ್ಲಿಗೆ ಹೋಗಿ ನೋಡಿ, ಗುಟ್ಟು ತಿಳಿಯುತ್ತದೆ. ಗಲ್ಲಾದ ಮೇಲೆ ಕೂತ ಶೆಟ್ರ ತಲೆಯ ಹಿಂದೆ ಸ್ವಿಚ್‌ಬೋರ್ಡು. ಯಾವ ಮೇಜಿಗೆ ಯಾವ ಗುಂಡಿ ಎಂದು ಅವರ ಬೆರಳಿಗೆ ಕಣ್ಣಿದೆ. ಗಿರಾಕಿ ಇಡ್ಲಿ ಮುಗಿಸಿ ಕೈ ತೊಳೆಯಲು ಎದ್ದರೆ ಅವನು ಬೇಸಿನ್ ತಲುಪುವ ಮೊದಲೇ ಫ್ಯಾನ್ ನಿಂತಿರುತ್ತದೆ. ಇಷ್ಟು ಅವಸರವೇ ಎಂದರೆ, “ಫ್ಯಾನ್ ತಿರುಗೂದು ಗಿರಾಕಿಗೆ ಮಾರಾಯ್ರೆ, ಕುರ್ಚಿಗಲ್ಲ” ಎಂದರು. ಹಳೆ ಫ್ಯಾನು 75 ವಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕೆಂದು ಅವರಿಗೆ ಹೇಳಿಕೊಟ್ಟ ಬ್ಯೂರೋ ಯಾವುದೂ ಇಲ್ಲ. ತಿಂಗಳ ಬಿಲ್ಲೇ ಗುರು. ಸ್ವಿಚ್ಚು, ಬಿಲ್ಲು ಎರಡೂ ಒಬ್ಬರ ಕೈಯಲ್ಲಿವೆ.

ಸರ್ಕಾರಿ ಕಟ್ಟಡದಲ್ಲಿ ಈ ಎರಡು ಕೈಗಳು ಪರಸ್ಪರ ಭೇಟಿಯಾಗದಂತೆ ವ್ಯವಸ್ಥೆ ಮಾಡಲಾಗಿದೆ. ಸ್ವಿಚ್ಚು ಒತ್ತುವವನು ಶಿಪಾಯಿ. ಫ್ಯಾನು, ವೈರು ಪಿಡಬ್ಲ್ಯುಡಿಯ ವಿದ್ಯುತ್ ವಿಭಾಗದ್ದು. ಬಿಲ್ಲು ಹೋಗುವುದು ಲೆಕ್ಕಶಾಖೆಗೆ; ಅವರು ಮೊತ್ತ ನೋಡುತ್ತಾರೆ, ಯೂನಿಟ್ ನೋಡುವುದಿಲ್ಲ. ಹೊಸ ಫ್ಯಾನ್ ಕೊಳ್ಳುವ ಹಣ ಒಂದು ಲೆಕ್ಕಶೀರ್ಷಿಕೆಯಲ್ಲಿ, ಅದರಿಂದ ಉಳಿಯುವ ಹಣ ಇನ್ನೊಂದರಲ್ಲಿ. ಇಷ್ಟಾಗಿಯೂ ಯಾರೋ ಪುಣ್ಯಾತ್ಮ ದೀಪ ಆರಿಸಿ ಆರಿಸಿ ಬಿಲ್ಲು ಇಳಿಸಿದ ಎನ್ನಿ. ಮಾರ್ಚ್ 31ಕ್ಕೆ ಉಳಿದ ಹಣ ಖಜಾನೆಗೆ ವಾಪಸು, ಮುಂದಿನ ವರ್ಷದ ಅನುದಾನಕ್ಕೆ ಕತ್ತರಿ. ಪೋಲು ಮಾಡಿದವನಿಗೆ ಹೆಚ್ಚುವರಿ ಅನುದಾನ, ಉಳಿಸಿದವನಿಗೆ ಜುಲ್ಮಾನೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದು ಹಿರಿಯರು ಹೇಳಿದ್ದರು; ನಮ್ಮ ಬಜೆಟ್ಟು ಜಾತ್ರೆಯನ್ನು ಕಡ್ಡಾಯ ಮಾಡಿದೆ.

ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಪುರಾವೆ ದೆಹಲಿಯಲ್ಲಿದೆ. ಪರಿಸರ ಸಚಿವಾಲಯದ ಇಂದಿರಾ ಪರ್ಯಾವರಣ ಭವನ, 2014ರ ಫೆಬ್ರವರಿಯಲ್ಲಿ ಉದ್ಘಾಟನೆಯಾದದ್ದು. 930 ಕಿಲೋವಾಟ್ ಸೋಲಾರ್, ತನಗೆ ಬೇಕಾದಷ್ಟನ್ನು ತಾನೇ ಉತ್ಪಾದಿಸಿಕೊಳ್ಳುವ ಲೆಕ್ಕದಲ್ಲಿ ಕಟ್ಟಿದ ಕಟ್ಟಡ. ಕಟ್ಟಿದ್ದು ಹೊರದೇಶದವರಲ್ಲ, ನಮ್ಮ ಕೇಂದ್ರ ಲೋಕೋಪಯೋಗಿ ಇಲಾಖೆಯೇ. ಅಂದಿನಿಂದ ಊರೂರಿನ ಅಧಿಕಾರಿಗಳು ಅದನ್ನು ನೋಡಲು ಅಧ್ಯಯನ ಪ್ರವಾಸ ಹೋಗಿ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋಕ್ಕೆ ಚೌಕಟ್ಟು ಹಾಕಿಸಿ ಕ್ಯಾಬಿನ್ನಿನ ಪ್ಲೈವುಡ್ ಗೋಡೆಗೆ ತೂಗುಹಾಕುತ್ತಾರೆ. ಅದರ ಮೇಲೊಂದು ಸ್ಪಾಟ್‌ಲೈಟು.

ಅಷ್ಟು ದೂರ ಯಾಕೆ, ಪಾರ್ಲೆಯ ಕಾಂಪೌಂಡ್ ಗೋಡೆಯ ಆಚೆಗೇ ಇದೆ. 2022ರಲ್ಲಿ ಮುಂಬಯಿ ವಿಮಾನ ನಿಲ್ದಾಣ ಪೂರ್ತಿ ಹಸಿರು ವಿದ್ಯುತ್ತಿಗೆ ಬದಲಾಯಿತು; ಹೆಚ್ಚಿನದು ಕೊಂಡು ತಂದ ಜಲ ಮತ್ತು ಪವನ ವಿದ್ಯುತ್, ಸಣ್ಣ ಪಾಲು ತನ್ನದೇ ಆವರಣದ ಸೋಲಾರ್. ಖಾಸಗಿಯವರಿಗೆ ಇದೆಲ್ಲ ಸಾಧ್ಯ ಎನ್ನುವವರಿಗೆ ಕೊಚ್ಚಿಯನ್ನು ತೋರಿಸಬಹುದು. ಅಲ್ಲಿ ದೊಡ್ಡ ಪಾಲುದಾರ ಕೇರಳ ಸರ್ಕಾರವೇ, 2015ರ ಆಗಸ್ಟಿನಿಂದಲೇ ನಿಲ್ದಾಣಕ್ಕೆ ಸೂರ್ಯನ ಅನ್ನ.

ನಮ್ಮ ಕಚೇರಿಯ ಟ್ಯೂಬ್‌ಲೈಟಿನ ಅನ್ನ ಎಲ್ಲಿಂದ ಬರುತ್ತದೆ? ಉಪನಗರಕ್ಕೆ ವಿದ್ಯುತ್ ಕೊಡುವ ಸ್ಥಾವರಗಳಲ್ಲಿ ಒಂದು ದಹಾಣುವಿನದು: 500 ಮೆಗಾವಾಟ್, ಕಲ್ಲಿದ್ದಲು. ದಹಾಣು ತಾಲೂಕನ್ನು ಕೇಂದ್ರ ಸರ್ಕಾರವೇ 1991ರಲ್ಲಿ ಪರಿಸರ ಸೂಕ್ಷ್ಮ ಎಂದು ಸಾರಿದೆ. ವಾರ್ಲಿ ಆದಿವಾಸಿಗಳ, ಚಿಕ್ಕೂ ತೋಟಗಳ ಸೀಮೆ. ಪಾರ್ಲೆಯ ಶೆಟ್ರಿಗೆ ಈ ಕಥೆ ಹೊಸದೇನಲ್ಲ. ಅವರ ಊರಿನ ಹತ್ತಿರದ ಎಲ್ಲೂರಿನಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಎದ್ದಾಗ ಹಾರುಬೂದಿಯ ವಿರುದ್ಧ ಕೂಗಿದವರಲ್ಲಿ ಅವರ ಬಂಧುಗಳೂ ಇದ್ದರು. ಅದಕ್ಕೇ ಇರಬೇಕು, ಖಾಲಿ ಕುರ್ಚಿಯ ಮೇಲೆ ಫ್ಯಾನ್ ತಿರುಗಿದರೆ ಅವರಿಗೆ ಸಂಕಟ.

ಓದುಗರಲ್ಲಿ ಒಂದು ವಿನಂತಿ. ಪಾರ್ಲೆಯಿರಲಿ, ಪಡುಬಿದ್ರಿಯಿರಲಿ, ನಿಮ್ಮ ಹತ್ತಿರದ ಯಾವುದೇ ಸರ್ಕಾರಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಮೂರೇ ಪ್ರಶ್ನೆ ಇರಲಿ: ಕಳೆದ ವರ್ಷ ಎಷ್ಟು ಯೂನಿಟ್ ಉರಿಯಿತು, ತಾರಸಿಯ ಪ್ಯಾನಲ್ ಎಷ್ಟು ಯೂನಿಟ್ ಕೊಟ್ಟಿತು, ಈ ಎರಡು ಅಂಕಿಗೂ ಹೊಣೆಯಾದ ಒಬ್ಬ ಅಧಿಕಾರಿಯ ಹುದ್ದೆ ಯಾವುದು. ಮೂರನೆಯದಕ್ಕೆ ಉತ್ತರವಾಗಿ, ನಿಮ್ಮ ಅರ್ಜಿಯನ್ನು ಕಲಂ 6(3)ರ ಪ್ರಕಾರ ಇನ್ನೊಂದು ಕಚೇರಿಗೆ ವರ್ಗಾಯಿಸಿದ್ದೇವೆ ಎಂಬ ಪತ್ರ ಬರಬಹುದು. ಅಲ್ಲಿಗೂ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು 30 ದಿನ.